ಗೊಂಬೆ ಹಬ್ಬಕ್ಕೆ ಹಳೆ ಮನೆಯ ಪುಟಾಣಿ ಮರಸಾಮಾನು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರ, ಕೋಲಾರದ ಕಡೆ ದಸರೆಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಗೊಂಬೆಗೆ ಬರವಿಲ್ಲ. ಅವು ಕೂರಲು, ಮಲಗಲು, ತೂಗಲು ಸಾಮಾನು ಮಾತ್ರ ಸಿಗುವುದಿಲ್ಲ. ಕೆತ್ತನೆಯ ಪೆಟ್ಟಿಗೆ, ಕಡೆದ ಕಾಲಿನ ಮಂಚ, ಹಿತ್ತಾಳೆ ಸರಪಳಿಯ ಉಯ್ಯಾಲೆ ಮಣೆ, ಇವನ್ನೆಲ್ಲ ಪುಟಾಣಿಯಾಗಿ ಮನೆಯಲ್ಲೇ ಮಾಡಬಹುದು. ಮಾಡುವವರು ಮತ್ತೆ ಮತ್ತೆ ಎಡವುವ ಜಾಗಗಳು ಇಲ್ಲಿವೆ. ಹೆಚ್ಚಿನವು ಒಂದೇ ಬೇರಿನವು: ಅಳತೆ ಕುಗ್ಗಿಸಬಹುದು, ಮರದ ನಾರು ಕುಗ್ಗುವುದಿಲ್ಲ.

ಯಾವ ಅಳತೆಗೆ ಮಾಡಬೇಕು?

ಮೊದಲು ಗೊಂಬೆ ಅಳೆಯಿರಿ, ಮರ ಆಮೇಲೆ. ನಿಂತ ಗೊಂಬೆಯನ್ನು ಐದೂವರೆ ಅಡಿ ಆಳು ಎಂದು ಲೆಕ್ಕ ಹಿಡಿದರೆ ಪ್ರಮಾಣ ತಾನೇ ಸಿಗುತ್ತದೆ. ಐದೂವರೆ ಇಂಚಿನ ಗೊಂಬೆಗೆ ಹನ್ನೆರಡಕ್ಕೊಂದು, ಅಂದರೆ ನಿಜ ಸಾಮಾನಿನ ಒಂದು ಅಡಿ ಇಲ್ಲಿ ಒಂದು ಇಂಚು. ಹನ್ನೊಂದು ಇಂಚಿನ ಪಟ್ಟದ ಗೊಂಬೆಗೆ ಆರಕ್ಕೊಂದು. ಒಂದೇ ಮೆಟ್ಟಿಲ ಮೇಲೆ ಎರಡು ಪ್ರಮಾಣ ಬೆರೆಸಬೇಡಿ. ಬೇರೆ ಬೇರೆ ಮೆಟ್ಟಿಲಾದರೆ ಕಣ್ಣು ಒಪ್ಪಿಕೊಳ್ಳುತ್ತದೆ, ಅಕ್ಕಪಕ್ಕ ಇಟ್ಟರೆ ಒಪ್ಪುವುದಿಲ್ಲ. ಈ ಪುಟದ ಅಳತೆಗಳೆಲ್ಲ ಹನ್ನೆರಡಕ್ಕೊಂದರವು. ಕೆತ್ತನೆಗೆ ತೀರಾ ಹೊಸಬರು ಎಲ್ಲವನ್ನೂ ಎರಡರಿಂದ ಗುಣಿಸಿ ಆರಕ್ಕೊಂದರಲ್ಲಿ ಕೈ ಪಳಗಿಸಿಕೊಂಡರೆ ಮರವೂ ಉಳಿಯುತ್ತದೆ, ಬೆರಳೂ ಉಳಿಯುತ್ತದೆ.

‘ಹಳೆ ಕಾಲದ ಕೆತ್ತನೆ’ ಅಂದರೆ ಯಾವ ಕಾಲದ್ದು? ದೇವಸ್ಥಾನದ ವಿನ್ಯಾಸ ಹಾಕಬಹುದೇ?

ಇಲ್ಲಿ ಎರಡು ಬೇರೆ ಬೇರೆ ಲೋಕಗಳಿವೆ, ಜನ ಕಲಸಿಬಿಡುತ್ತಾರೆ. ತೊಟ್ಟಿ ಮನೆಗಳಲ್ಲಿ ಇವತ್ತಿಗೂ ಕಾಣುವ ಪೆಟ್ಟಿಗೆ, ಮಂಚ, ಉಯ್ಯಾಲೆಗಳು ಬಹುಪಾಲು 19ನೇ ಶತಮಾನ ಮತ್ತು 20ನೇ ಶತಮಾನದ ಮೊದಲ ದಶಕಗಳವು. ಅವುಗಳ ಚೆಲುವು ಇರುವುದು ಬರಿ ಹಲಗೆಯಲ್ಲಿ. ಕೆತ್ತನೆ ಅಂಚಿನ ಮಣಿಸಾಲು, ನಡುವೆ ಒಂದೆರಡು ಪದ್ಮ, ಚೌಕಟ್ಟಿಗೊಂದು ಬಳ್ಳಿ, ಅಷ್ಟಕ್ಕೇ ನಿಲ್ಲುತ್ತದೆ. ಇನ್ನೊಂದು ಕಲ್ಲಿನ ಲೋಕ: ನಂದಿ ಗ್ರಾಮದ ಭೋಗನಂದೀಶ್ವರ ಗುಡಿಯ ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬಗಳು, ಕೋಲಾರದ ಸೋಮೇಶ್ವರ ಗುಡಿಯ ವಿಜಯನಗರ ಕಾಲದ ಕಲ್ಯಾಣ ಮಂಟಪ. ದೇವರ ಮಂಟಪ ಮಾಡುವುದಾದರೆ ಇವಕ್ಕಿಂತ ಒಳ್ಳೆಯ ಪಾಠಶಾಲೆ ಸುತ್ತಮುತ್ತ ಇಲ್ಲ. ಆದರೆ ಗುಡಿಯ ಯಾಳಿಯನ್ನು, ಅಂದರೆ ಸಿಂಹದಂಥ ಕಲ್ಪನೆಯ ಮೃಗವನ್ನು, ತಂದು ಮಂಚದ ಕಾಲಿಗೆ ಅಂಟಿಸಿದರೆ ಅದು ಯಾವ ಕಾಲದ್ದೂ ಆಗುವುದಿಲ್ಲ.

ಗುಡಿಗೆ ಹೋದಾಗ ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಫೋಟೋ ತೆಗೆಯಿರಿ, ಕೆತ್ತನೆಯ ಆಳ ತಿಳಿಯುವುದು ಆಗಲೇ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಹಿಡಿಯಿರಿ. ಮೇಣ, ಜೇಡಿ ಒತ್ತಿ ಅಚ್ಚು ತೆಗೆಯುವ ಕೆಲಸಕ್ಕೆ ಹೋಗಬೇಡಿ. ಅವು ಸಂರಕ್ಷಿತ ಸ್ಮಾರಕಗಳು, ಕಲ್ಲಿಗೂ ಕೇಡು.

ಯಾವ ಮರ ಒಳ್ಳೆಯದು? ತೇಗ ಸಾಕಲ್ಲವೇ?

ತೇಗದಲ್ಲಿ ನಿಜವಾದ ಮಂಚ ಮಾಡಿ. ಪುಟಾಣಿಗೆ ಅದು ಬೇಡ. ತೇಗದ ರಂಧ್ರಗಳು ಸುಮಾರು 0.3 ಮಿ.ಮೀ. ಅಗಲ. ಹನ್ನೆರಡು ಪಟ್ಟು ಮಾಡಿ ನೋಡಿ, 3.6 ಮಿ.ಮೀ. ಆಯಿತು. ಅಕ್ಕಿ ಕಾಳು ತೂರುವಂಥ ತೂತುಗಳಿರುವ ಮಂಚವನ್ನು ಯಾರಾದರೂ ಮಾಡುತ್ತಾರೆಯೇ? ಪುಟಾಣಿ ಸಾಮಾನನ್ನು ನೋಡಿದ ತಕ್ಷಣ ಆಟಿಕೆ ಅನ್ನಿಸುವುದಕ್ಕೆ ಮೊದಲ ಕಾರಣ ಈ ದಪ್ಪ ಎಳೆ.

ಬೇಕಿರುವುದು ರಂಧ್ರ ಕಾಣದ, ಎಳೆ ನೇರವಾಗಿರುವ, ಗಟ್ಟಿ ಮರ. ಅಂಥದ್ದು ಟಿಂಬರ್ ಡಿಪೋದಲ್ಲಿ ಹುಡುಕುವುದಕ್ಕಿಂತ ತೋಟದಲ್ಲಿ ಹುಡುಕುವುದು ಮೇಲು. ಕೋಲಾರ, ಚಿಕ್ಕಬಳ್ಳಾಪುರದ ತೋಟಗಳಲ್ಲಿ ಕೊಂಬೆ ಸವರಿದಾಗ ಒಲೆಗೆ ಹೋಗುವ ಸೀಬೆ, ಸಪೋಟ, ದಾಳಿಂಬೆ ಮೂರೂ ಈ ಕೆಲಸಕ್ಕೆ ಹೇಳಿ ಮಾಡಿಸಿದವು. ಸೀಬೆ ತಿಳಿಗಂದು, ನಾರು ಸಣ್ಣದು, ಗೆರೆ ಚೂಪಾಗಿ ನಿಲ್ಲುತ್ತದೆ. ಸಪೋಟ ಕೆಂಗಂದು, ಇನ್ನೂ ಗಟ್ಟಿ. ಪಾಲಿಶ್ ಹಚ್ಚಿದರೆ ಹಳೆ ಮನೆ ಸಾಮಾನಿನ ಬಣ್ಣ ತಾನೇ ಬರುತ್ತದೆ. ದಾಳಿಂಬೆ ದಪ್ಪ ಸಿಗುವುದಿಲ್ಲ, ಆದರೆ ಬೆರಳು ಗಾತ್ರದ ತುಂಡಿನಲ್ಲಿ ಕಂಬವೋ ಕಾಲೋ ಆಗುತ್ತದೆ. ಹುಣಸೆಯ ತಿರುಳಿನಲ್ಲಿ ಕಪ್ಪು ನೇರಳೆ ಛಾಯೆಯ ಭಾಗ ಸಿಕ್ಕರೆ ಬಿಡಬೇಡಿ, ಬೀಟೆಯ ಬದಲಿಗೆ ಬರುತ್ತದೆ. ಉಳಿಯ ಮೊನೆ ಮಾತ್ರ ಬೇಗ ಸಾಯುತ್ತದೆ. ಶಿಡ್ಲಘಟ್ಟದ ಕಡೆ ಹಳೆ ಹಿಪ್ಪುನೇರಳೆ ತೋಟ ಕಿತ್ತಾಗ ಸಿಗುವ ಬುಡಗಳೂ ಕಡೆಯುವ ಕೆಲಸಕ್ಕೆ ಗಟ್ಟಿ, ಆದರೆ ಹಲಗೆಯ ಮುಖದಲ್ಲಿ ರಂಧ್ರ ಕಾಣುತ್ತದೆ.

ಅಂಗಡಿಯಿಂದಲೇ ತರಬೇಕೆಂದರೆ ಹಾಲೆ ಮರ ಕೇಳಿ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಬಿಳಿ ಮರ ಅದೇ. ಮೆತ್ತಗೆ, ಒಂದೇ ಹದ, ಹೊಸಬರಿಗೆ ತಕ್ಕದ್ದು. ಶಿವನೆಯೂ ನಡೆಯುತ್ತದೆ. ಮಾವು, ನೀಲಗಿರಿ, ಸಿಲ್ವರ್ ಓಕ್ ಬೇಡ. ಮಾವಿನ ಎಳೆ ಅಲ್ಲಲ್ಲಿ ತಿರುಗಿಕೊಂಡು ಹರಿಯುತ್ತದೆ, ನೀಲಗಿರಿ ಸೊಟ್ಟಗಾಗುತ್ತದೆ, ಸಿಲ್ವರ್ ಓಕ್ ಹಲಗೆಯ ಮೇಲೆ ಹೊಳೆಯುವ ದಪ್ಪ ಚಕ್ಕೆ ಕಾಣುತ್ತದೆ.

ತೆಂಗಿನ ಮರ?

ಬರುವುದಿಲ್ಲ. ಮೆತ್ತನೆಯ ತಿರುಳಿನೊಳಗೆ ತಂತಿಯಂಥ ನಾರುಗಳು. ಉಳಿ ಒಂದನ್ನು ಕಿತ್ತು ಇನ್ನೊಂದನ್ನು ಬಿಡುತ್ತದೆ. ಚಿಪ್ಪು ಬರುತ್ತದೆ, ಪುಟ್ಟ ಪಾತ್ರೆ, ಬಟ್ಟಲುಗಳಿಗೆ.

ಗಂಧ, ಬೀಟೆ ಬಳಸಬಹುದೇ?

ರಶೀದಿ ಇಲ್ಲದ ಗಂಧ, ಬೀಟೆ, ರಕ್ತಚಂದನವನ್ನು ಮುಟ್ಟಬೇಡಿ, ಅಂಗೈಯಷ್ಟು ತುಂಡಾದರೂ. ಹಳೆ ಮನೆ ಕೆಡವಿದ ಬೀಟೆ ತೊಲೆ ಕೊಂಡರೂ ಒಂದು ಬಿಲ್ ಬರೆಸಿಕೊಳ್ಳಿ. ಹೊರದೇಶಕ್ಕೆ ಕಳಿಸುವವರು ತಿಳಿದಿರಬೇಕಾದ್ದು: 2017ರಿಂದ ಬೀಟೆಯ ಕುಲ ಪೂರ್ತಿ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ) ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. 10 ಕೆ.ಜಿ.ಗಿಂತ ಹಗುರವಾದ ಬಿಡಿ ಸಾಮಾನುಗಳಿಗೆ 2022ರಲ್ಲಿ ಸಡಿಲಿಕೆ ಸಿಕ್ಕಿದೆ. ಬೀಟೆಯ ಧೂಳು ಕೆಲವರಿಗೆ ತುರಿಕೆ, ಉಬ್ಬಸ ತರುತ್ತದೆ. ಮುಖಕ್ಕೆ ಮಾಸ್ಕ್ ಕಟ್ಟದೆ ಉಜ್ಜಬೇಡಿ.

ಹಸಿ ಕೊಂಬೆಯನ್ನು ಒಣಗಿಸುವುದು ಹೇಗೆ? ಒಣಗಿದೆ ಎಂದು ಹೇಗೆ ತಿಳಿಯುತ್ತದೆ?

ಕಡಿದ ದಿನವೇ ಕೊಂಬೆಯನ್ನು ನಡುತಿರುಳಿನ ಮೇಲೆ ಉದ್ದಕ್ಕೆ ಸೀಳಿ. ಸೀಳದೆ ಬಿಟ್ಟರೆ ಸುತ್ತಳತೆ ಕುಗ್ಗುವ ವೇಗಕ್ಕೆ ಅದೇ ಸೀಳಿಕೊಳ್ಳುತ್ತದೆ, ನಿಮಗೆ ಬೇಡದ ಜಾಗದಲ್ಲಿ. ಎರಡೂ ತುದಿಗೆ ಮೇಣವೋ ಹಳೆ ಪೇಂಟೋ ಬಳಿಯಿರಿ, ನೀರು ಓಡಿಹೋಗುವುದು ತುದಿಯಿಂದಲೇ. 10 ಮಿ.ಮೀ. ದಪ್ಪಕ್ಕೆ ಸೀಳಿದ ಹಲಗೆಗಳ ನಡುವೆ ಕಡ್ಡಿ ಇಟ್ಟು, ಗಾಳಿ ಆಡುವ ನೆರಳಲ್ಲಿ ಮೂರು ನಾಲ್ಕು ತಿಂಗಳು ಬಿಡಿ. ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಅದರ ಮೇಲೆಯೇ ಪೆನ್ಸಿಲಿನಲ್ಲಿ ಬರೆಯಿರಿ. ಮೂರು ವಾರ ತೂಕ ಬದಲಾಗದಿದ್ದರೆ ಒಣಗಿತು ಅಂತ ಅರ್ಥ.

ಬೇಸಿಗೆಯಲ್ಲಿ ಮಾಡಿದ ಬಾಗಿಲು ದಸರೆಗೆ ತೆರೆಯುವುದೇ ಇಲ್ಲ. ಏಕೆ?

ನಮ್ಮ ಸೀಮೆಯ ಹಣೆಬರಹ ಇದು. ಇಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಗೊಂಬೆ ಕೂರಿಸುವುದೂ ಆಗಲೇ. ಏಪ್ರಿಲ್‌ನ ಒಣಹವೆಯಲ್ಲಿ ಬಿಗಿಯಾಗಿ ಕೂರಿಸಿದ ಹಲಗೆ ಆ ತೇವ ಕುಡಿದು ಅಡ್ಡಕ್ಕೆ ಉಬ್ಬುತ್ತದೆ. ಮರದ ತೇವ ಶೇ. 1 ಏರಿದರೆ ಅಡ್ಡ ಅಗಲ ಸುಮಾರು ಶೇ. 0.2 ಹಿಗ್ಗುತ್ತದೆ ಎಂದಿಟ್ಟುಕೊಳ್ಳಿ. ತೇವ ಶೇ. 4 ಏರಿದರೆ 50 ಮಿ.ಮೀ. ಹಲಗೆ 0.4 ಮಿ.ಮೀ. ಹಿಗ್ಗಿತು. ನಿಜವಾದ ಬೀರುವಿಗೆ ಅದು ಲೆಕ್ಕಕ್ಕಿಲ್ಲ, ಪುಟಾಣಿ ಬಾಗಿಲಿನ ಸಂದೇ ಅಷ್ಟು. ಬೇಸಿಗೆಯಲ್ಲಿ ಮಾಡುವುದಾದರೆ ಬಾಗಿಲಿನ ಅಗಲಕ್ಕೆ ಅರ್ಧ ಮಿ.ಮೀ. ಸಡಿಲ ಬಿಡಿ. ಮಳೆಗಾಲದಲ್ಲಿ ಮಾಡಿದರೆ ಸಂದು ಇಲ್ಲದಂತೆ ಕೂರಿಸಿ, ಮಾರ್ಚ್ ಹೊತ್ತಿಗೆ ತಾನೇ ಬಿಡುತ್ತದೆ. ಉದ್ದಕ್ಕೆ ಮರ ಹಿಗ್ಗುವುದು ನಗಣ್ಯ. ಆದ್ದರಿಂದ ಎಳೆ ಬಾಗಿಲಿನ ಎತ್ತರದ ದಿಕ್ಕಿಗೆ ಇರಲಿ.

ಅಷ್ಟು ಚಿಕ್ಕ ಉಳಿ ಎಲ್ಲಿ ಸಿಗುತ್ತದೆ?

ಹೆಚ್ಚಿನವನ್ನು ಮಾಡಿಕೊಳ್ಳಬೇಕು, ಖರ್ಚೂ ಕಡಿಮೆ.

ಹಳೆ ಕೊಡೆಯ ಕಡ್ಡಿಯನ್ನು ಅಡ್ಡ ಕತ್ತರಿಸಿ ನೋಡಿ: ದೋಣಿಯಂಥ ಬಾಗು. ತುದಿಯನ್ನು ಹೊರಗಿನಿಂದ ಓರೆಗೆ ತಿಕ್ಕಿದರೆ 2ರಿಂದ 3 ಮಿ.ಮೀ. ಗುಂಡು ಉಳಿ ಆಯಿತು. ಹೊಲಿಗೆ ಯಂತ್ರದ ಸೂಜಿಯ ತುದಿ ಮುರಿದು ಚಪ್ಪಟೆಗೆ ತಿಕ್ಕಿದರೆ 0.8 ಮಿ.ಮೀ. ನೇರ ಉಳಿ. ಕಾಂಕ್ರೀಟ್ ಮೊಳೆಯಿಂದ 1.5 ಮತ್ತು 3 ಮಿ.ಮೀ. ಚಪ್ಪಟೆ ಉಳಿ. ಇವೆಲ್ಲ ಆಗಲೇ ಹದ ಹಾಕಿದ ಉಕ್ಕು. ಆದ್ದರಿಂದ ಗ್ರೈಂಡರ್‌ಗೆ ಹಿಡಿದಾಗ ಎರಡು ಸೆಕೆಂಡಿಗೊಮ್ಮೆ ನೀರಿಗೆ ಅದ್ದಿ. ಮೊನೆ ನೀಲಿಗಟ್ಟಿತೋ, ಹದ ಹೋಯಿತು. ಆ ಭಾಗ ಪೂರ್ತಿ ತಿಕ್ಕಿ ತೆಗೆಯದೆ ಬೇರೆ ದಾರಿಯಿಲ್ಲ. ಹಿಡಿಗೆ ಸೀಬೆ ಕೊಂಬೆಯ ತುಂಡು, ಅಂಗೈಯಲ್ಲಿ ಕೂರುವಂತೆ 60 ಮಿ.ಮೀ.

ಕೊಂಡು ತರಬೇಕಾದ್ದು ಮೂರೇ. ಔಷಧಿ ಅಂಗಡಿಯಲ್ಲಿ 3ನೇ ನಂಬರಿನ ಶಸ್ತ್ರಚಿಕಿತ್ಸೆ ಚಾಕು ಹಿಡಿ, ಅದಕ್ಕೆ 11 ಮತ್ತು 15ನೇ ನಂಬರಿನ ಬ್ಲೇಡು. ಅಕ್ಕಸಾಲಿಗರ ಸಾಮಾನು ಮಾರುವಲ್ಲಿ ಬಿಲ್ಲುಗರಗಸ, 2/0 ನಂಬರಿನ ಬ್ಲೇಡು ಒಂದು ಡಜನ್; ಒಂದು ಪೆಟ್ಟಿಗೆ ಮುಗಿಯುವಷ್ಟರಲ್ಲಿ ನಾಲ್ಕಾದರೂ ಮುರಿಯುತ್ತವೆ. ಮತ್ತೆ ಮೂರುವರೆ ಪಟ್ಟು ದೊಡ್ಡದು ಮಾಡುವ, ತಲೆಗೆ ಕಟ್ಟುವ ಭೂತಗನ್ನಡಿ. ಅದಕ್ಕಿಂತ ಹೆಚ್ಚಿನದು ಬೇಡ, ಮೂಗು ಮರಕ್ಕೆ ತಾಗಿಸಿಕೊಂಡು ಕೂರಬೇಕಾಗುತ್ತದೆ.

ಮೊನೆಯ ಓರೆ ಹಾಲೆ ಮರಕ್ಕೆ 20ರಿಂದ 25 ಡಿಗ್ರಿ, ಸಪೋಟ, ಹುಣಸೆಗೆ 30. ಹಳೆ ಚರ್ಮದ ಬೆಲ್ಟನ್ನು ಪಟ್ಟಿಗೆ ಅಂಟಿಸಿ ಹಸಿರು ಪಾಲಿಶ್ ಮೇಣ ಬಳಿದು, ಹತ್ತು ನಿಮಿಷಕ್ಕೊಮ್ಮೆ ಮೊನೆಯನ್ನು ಹಿಂದಕ್ಕೆಳೆಯಿರಿ. ಚಿಕ್ಕ ಕೆತ್ತನೆ ಕೆಡುವುದಕ್ಕೆ ಕೈ ಅಲುಗಿದ್ದು ಕಾರಣ ಎಂದು ಎಲ್ಲರೂ ತಿಳಿಯುತ್ತಾರೆ. ಹತ್ತಕ್ಕೆ ಎಂಟು ಸಲ ಕಾರಣ ಮೊಂಡು ಮೊನೆ.

ಮೊದಲು ಕೆತ್ತಬೇಕೋ, ಮೊದಲು ಜೋಡಿಸಬೇಕೋ?

ಕೆತ್ತನೆ ಮೊದಲು, ಅದೂ ಹಲಗೆಯನ್ನು ಅಳತೆಗೆ ಕತ್ತರಿಸುವ ಮುಂಚೆ. ಸುತ್ತ 15 ಮಿ.ಮೀ. ಹೆಚ್ಚುವರಿ ಇರಲಿ. ಅಂಚು ಸೀಳಿದರೂ ಆ ಹೆಚ್ಚುವರಿಯಲ್ಲೇ ಮುಗಿಯುತ್ತದೆ, ಹಿಡಿಯಲೂ ಜಾಗ. ಹಲಗೆಯನ್ನು ದಪ್ಪ ಮಣೆಗೆ ಅಂಟಿಸುವಾಗ ನಡುವೆ ಒಂದು ಪದರ ಸುದ್ದಿಪತ್ರಿಕೆ ಹಾಕಿ ಫೆವಿಕಾಲ್ ಹಚ್ಚಿ. ಕೆಲಸ ಮುಗಿದ ಮೇಲೆ ತೆಳು ಚಾಕು ತೂರಿಸಿದರೆ ಕಾಗದ ಸೀಳಿ ಹಲಗೆ ಬಿಡುತ್ತದೆ.

ಪೆಟ್ಟಿಗೆಗೆ ಯಾವ ಯಾವ ತುಂಡು, ಎಷ್ಟೆಷ್ಟು?

ಮೂರೂವರೆ ಅಡಿ ಉದ್ದ, 21 ಇಂಚು ಅಗಲ, 21 ಇಂಚು ಎತ್ತರದ ಪೆಟ್ಟಿಗೆಯ ಲೆಕ್ಕ, ಎಲ್ಲ ಮಿ.ಮೀ.ನಲ್ಲಿ:

ಮುಂದಿನ, ಹಿಂದಿನ ಹಲಗೆ: 90 × 36 × 3, ಎರಡು
ಪಕ್ಕದ ಹಲಗೆ: 39 × 36 × 3, ಎರಡು (ಮುಂದು ಹಿಂದಿನ ಹಲಗೆಗಳ ನಡುವೆ ಕೂರುತ್ತವೆ)
ತಳ: 84 × 39 × 2, ಒಂದು
ಮುಚ್ಚಳ: 94 × 48 × 3, ಒಂದು (ಪಕ್ಕಗಳಲ್ಲಿ 2, ಮುಂದೆ 3 ಹೊರಚಾಚು)
ಕಾಲು: 8 × 8 × 6, ನಾಲ್ಕು
ಬಿದಿರು ಗೂಟ: 1 ದಪ್ಪ, 6 ಉದ್ದ, ಹದಿನಾರು (ಮೂಲೆಗೆ ನಾಲ್ಕು)

3 ಮಿ.ಮೀ. ಹಲಗೆ ಲೆಕ್ಕಕ್ಕೆ ದಪ್ಪವಾಯಿತು. ಒಂದು ಇಂಚಿನ ಹಲಗೆ ಈ ಪ್ರಮಾಣದಲ್ಲಿ 2 ಮಿ.ಮೀ.ಗೆ ಬರಬೇಕು. ಆದರೆ 0.8 ಮಿ.ಮೀ. ಆಳ ಕೆತ್ತಿದ ಮೇಲೆ 2ರಲ್ಲಿ ಉಳಿಯುವುದು ಕಾಗದ. ಅದಕ್ಕೇ ಹಲಗೆ 3 ಇಟ್ಟು, ಮುಚ್ಚಳ ತೆಗೆದಾಗ ಕಾಣುವ ಮೇಲಂಚನ್ನು ಒಳಗಿನಿಂದ ಓರೆಗೆ ಕೆರೆದು 2ಕ್ಕೆ ಇಳಿಸಿ. ಕಣ್ಣು ನೋಡುವುದು ಅಂಚನ್ನು ಮಾತ್ರ.

ಬಿದಿರು ಗೂಟಕ್ಕೆ ಕಬ್ಬಿಣದ ಪಟ್ಟಿಯಲ್ಲಿ 1.5, 1.2, 1 ಮಿ.ಮೀ. ತೂತು ಕೊರೆದು, ಸೀಳಿದ ಬಿದಿರನ್ನು ಒಂದಾದ ಮೇಲೊಂದರಲ್ಲಿ ಎಳೆಯಿರಿ. ನಾಜೂಕಾಗಿ ಗುಂಡಗೆ ಬರುತ್ತದೆ.

ಮುಂಭಾಗದ ಕೆತ್ತನೆ ಹಂಚುವುದು ಹೇಗೆ? ಪದ್ಮ ಕೆತ್ತುವ ಕ್ರಮ ಹೇಳಿ.

ಶಿಲ್ಪಿಗಳು ಬ್ರಹ್ಮಸೂತ್ರ ಎನ್ನುವ ನಡುಗೆರೆ ಮೊದಲು ಎಳೆಯಿರಿ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಂಥ ಊರಲ್ಲಿ ಕಲ್ಲು ಕೆತ್ತುವವರ ಕೆಲಸವೂ ಗೆರೆಯಿಂದಲೇ ಶುರು. 90 × 36ರ ಮುಖದಲ್ಲಿ ಸುತ್ತ 5 ಮಿ.ಮೀ. ಚೌಕಟ್ಟಿಗೆ ಬಿಟ್ಟರೆ ಒಳಗೆ 80 × 26 ಉಳಿಯುತ್ತದೆ. 26ರ ಮೂರು ಚೌಕ, ನಡುವೆ ಒಂದೊಂದು ಮಿ.ಮೀ. ಪಟ್ಟಿ ಎರಡು, ಸರಿಯಾಗಿ 80. ಪ್ರತಿ ಚೌಕದಲ್ಲಿ 20 ಮಿ.ಮೀ. ವ್ಯಾಸದ ಒಂದು ಪದ್ಮ.

ಈಗ ನಾರಿನ ಮಾತು. ನಿಜ ಪೆಟ್ಟಿಗೆಯ ಪದ್ಮಕ್ಕೆ ಮೂರು ಸುತ್ತು, ಸುತ್ತಿಗೆ ಹದಿನಾರು ದಳ ಎಂದುಕೊಳ್ಳಿ. ಇಲ್ಲಿ ಹೊರಸುತ್ತಿನ ಪರಿಧಿ 62.8 ಮಿ.ಮೀ., ಹದಿನಾರಕ್ಕೆ ಹಂಚಿದರೆ ದಳಕ್ಕೆ 3.9, ಆಗುತ್ತದೆ. 10 ಮಿ.ಮೀ. ವ್ಯಾಸದ ಎರಡನೇ ಸುತ್ತಿನಲ್ಲಿ ದಳಕ್ಕೆ 2. ಕೈ ಪಳಗಿದ್ದರೆ ಆಗುತ್ತದೆ. 5 ಮಿ.ಮೀ.ನ ಒಳಸುತ್ತಿನಲ್ಲಿ ದಳಕ್ಕೆ 1 ಮಿ.ಮೀ. ಕೂಡ ಇಲ್ಲ, ಎರಡು ಗೆರೆ ಹಾಕಿದರೆ ನಡುವಿನ ದಳವೇ ಎದ್ದುಹೋಗುತ್ತದೆ. ಆದ್ದರಿಂದ ಹೊರಗೆ ಎಂಟು, ಒಳಗೆ ಎಂಟು, ಮೂರನೇ ಸುತ್ತಿನ ಬದಲು ಒಂದು ಬೊಟ್ಟು. ಎಲ್ಲವನ್ನೂ ತುಂಬಿಸಲು ಹೋದ ಪದ್ಮ ದೂರದಿಂದ ಗೀಚಿದ ಹಾಗೆ ಕಾಣುತ್ತದೆ. ಬಿಟ್ಟು ಕೆತ್ತಿದ್ದೇ ಪದ್ಮವಾಗಿ ಕಾಣುವುದು.

ಮೊದಲು 20, 10, 4 ಮಿ.ಮೀ. ವ್ಯಾಸದ ಮೂರು ವೃತ್ತ. ಹೊರವೃತ್ತದ ಮೇಲೆ 11ನೇ ನಂಬರಿನ ಬ್ಲೇಡನ್ನು ನೆಟ್ಟಗೆ ಹಿಡಿದು ಚುಕ್ಕಿ ಚುಕ್ಕಿಯಾಗಿ ಒತ್ತಿ, ಒಮ್ಮೆಗೆ 0.3 ಮಿ.ಮೀ.ಗಿಂತ ಆಳ ಬೇಡ. ಎಳೆಗೆ ಅಡ್ಡ ಬರುವ ಎಡಬಲದ ಭಾಗ ಮೊದಲು. ಎಳೆಯ ಉದ್ದಕ್ಕೆ ಬರುವ ಮೇಲು ಕೆಳಗು ಆಮೇಲೆ, ಹಗುರವಾಗಿ, ಯಾಕೆಂದರೆ ಅಲ್ಲಿ ಬ್ಲೇಡು ಆಪಿನಂತೆ ಸೀಳುತ್ತದೆ. ನಂತರ ಹೊರಗಿನ ನೆಲವನ್ನು 1.5ರ ಉಳಿಯಿಂದ 0.8 ಮಿ.ಮೀ. ಇಳಿಸಿ. ಆಳ ನೋಡಲು ಮರದ ತುಂಡಿನಿಂದ 0.8 ಮಿ.ಮೀ. ಹೊರಬಂದ ಗುಂಡುಪಿನ್ನು ಸಾಕು. ಅದನ್ನು ನೆಲದ ಮೇಲೆ ಓಡಿಸಿದಾಗ ಎಲ್ಲಿ ತಡೆಯುತ್ತದೋ ಅಲ್ಲಿ ಇನ್ನೂ ತೆಗೆಯಬೇಕು.

ನಡುವಿನ ಬೊಟ್ಟು ಪೂರ್ತಿ ಎತ್ತರಕ್ಕೇ ಇರಲಿ. ಒಳದಳ ಬೊಟ್ಟಿನಿಂದ ಹೊರಕ್ಕೆ 0.3 ಇಳಿಯಲಿ, ಹೊರದಳ ಅಲ್ಲಿಂದ 0.6ಕ್ಕೆ. ಕೊನೆಗೆ ನೆಲಕ್ಕೆ 0.2ರ ಮೆಟ್ಟಿಲು ಉಳಿಯುತ್ತದೆ. ಈ ಇಳಿಜಾರು ಇಲ್ಲದೆ ಬರಿ ಗೆರೆ ಹಾಕಿದರೆ ಬಿಸ್ಕತ್ತಿನ ಮೇಲಿನ ಅಚ್ಚಿನಂತಾಗುತ್ತದೆ.

ದಳಗಳ ನಡುವಿನ ಗೆರೆಗೆ ಬ್ಲೇಡನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆ ಹಿಡಿದು ಎರಡು ಎಳೆತ. ಓರೆಯಾಗಿ ಹೋಗುವ ಗೆರೆಗಳಲ್ಲಿ ಒಂದು ದಂಡೆ ನುಣುಪಾಗಿ ಬರುತ್ತದೆ, ಇನ್ನೊಂದು ಹರಿಯುತ್ತದೆ. ಹರಿಯುವ ದಂಡೆಯನ್ನು ಎದುರು ದಿಕ್ಕಿನಿಂದ ಎಳೆಯಿರಿ. ಇದೊಂದು ಕೈಗೆ ಹತ್ತಿದರೆ ಅರ್ಧ ವಿದ್ಯೆ ಬಂದಂತೆ. ಹೊರದಳದ ಹೊಟ್ಟೆಯನ್ನು ಕೊಡೆಕಡ್ಡಿ ಉಳಿಯಿಂದ ಒಂದೇ ತಳ್ಳಿಗೆ ಹಳ್ಳ ಮಾಡಿ. ಬೊಟ್ಟಿನ ಮೇಲೆ ಮೊಂಡಾದ ಗುಂಡುಸೂಜಿಯಿಂದ ನಡುವೆ ಒಂದು, ಸುತ್ತ ಆರು ಚುಕ್ಕಿ ಒತ್ತಿ.

ದೀಪ ಎಡಗಡೆ, ಮೇಜಿನ ಮಟ್ಟಕ್ಕೆ ಹತ್ತಿರ ಇರಲಿ. ನೆತ್ತಿಯ ಮೇಲಿನ ಟ್ಯೂಬ್‌ಲೈಟಿನಲ್ಲಿ ನೆರಳು ಬೀಳುವುದಿಲ್ಲ, ಆಳ ತಿಳಿಯುವುದಿಲ್ಲ. ಕೊನೆಗೆ ಹಲ್ಲುಜ್ಜುವ ಬ್ರಷ್ಷಿನಿಂದ ಕೊಡವಿ. ಉಜ್ಜುಕಾಗದವನ್ನು ಕೆತ್ತನೆಗೆ ತಾಗಿಸಬೇಡಿ, ಒಂದು ಗಂಟೆಯ ಚೂಪನ್ನು ಅದು ಒಂದು ನಿಮಿಷದಲ್ಲಿ ನುಂಗುತ್ತದೆ.

ದಳದ ತುದಿ ಹಾರಿಹೋಯಿತು. ಈಗ?

ಚೂರು ಸಿಕ್ಕರೆ ಸೂಜಿಯ ತುದಿಯಲ್ಲಿ ಫೆವಿಕಾಲ್ ತಾಗಿಸಿ ಕೂರಿಸಿ, ಒಂದು ರಾತ್ರಿ ಬಿಡಿ. ಸಿಗದಿದ್ದರೆ ಎಂಟೂ ದಳಗಳ ತುದಿಯನ್ನು ಅಷ್ಟೇ ಹಿಂದಕ್ಕೆ ತನ್ನಿ. ಮರದ ಹುಡಿ ಕಲಸಿ ತುಂಬಿದ್ದು ಪಾಲಿಶ್ ಬಿದ್ದ ಕೂಡಲೇ ಕಪ್ಪು ಮಚ್ಚೆಯಾಗಿ ಚಾಡಿ ಹೇಳುತ್ತದೆ. ತಕ್ಷಣ ಒಣಗುವ ಗೋಂದು ಸುತ್ತ ಬಿಳಿ ಮಂಜು ಕೂರಿಸುತ್ತದೆ, ಅದೂ ಬೇಡ.

ಮಂಚದ ನಾಲ್ಕು ಕಾಲು ಒಂದೇ ತರ ಬರುವುದಿಲ್ಲ.

ಲೇತ್ ಇಲ್ಲದವರು ಡ್ರಿಲ್ ಯಂತ್ರವನ್ನು ಮೇಜಿಗೆ ಅಡ್ಡಲಾಗಿ ಬಿಗಿದು, 7 ಮಿ.ಮೀ. ಕಡ್ಡಿ ಸಿಕ್ಕಿಸಿ ಸಣ್ಣ ಅರಗಳಿಂದ ಕಡೆಯಬಹುದು. ಕಣ್ಣಿಗೆ ಕನ್ನಡಕ ಇರಲಿ. ಕಾಲಿನ ಎತ್ತರ 40 ಮಿ.ಮೀ., ದಪ್ಪ 6. ಒಂದು ಕಾಲು ಚೆನ್ನಾಗಿ ಮಾಡಿ ಉಳಿದ ಮೂರನ್ನು ಅದರಂತೆ ಮಾಡಲು ಹೋಗುವುದೇ ತಪ್ಪು. ನಾಲ್ಕು ಕಡ್ಡಿಗೂ ಮೊದಲು ಗುರುತಿನ ಗೆರೆ, ಆಮೇಲೆ ನಾಲ್ಕಕ್ಕೂ ಮೇಲಿನ ಮಣಿ, ಆಮೇಲೆ ನಾಲ್ಕಕ್ಕೂ ನಡುವಿನ ಗಂಟೆ ಆಕಾರ, ಹೀಗೆ ಹಂತ ಹಂತವಾಗಿ. ಐದು ಅಥವಾ ಆರು ಕಾಲು ಮಾಡಿ, ಹೊಂದುವ ನಾಲ್ಕನ್ನು ಆರಿಸಿ. ಮಿಕ್ಕಿದ್ದು ತೊಟ್ಟಿಲಿಗೋ ಮಣೆಗೋ ಆಗುತ್ತದೆ.

ಉಯ್ಯಾಲೆ ಸೊಟ್ಟಗೆ ತೂಗುತ್ತದೆ, ಸರಪಳಿ ನೇರ ನಿಲ್ಲುವುದಿಲ್ಲ.

ಮಣೆ ಹಗುರ. ಆರು ಅಡಿ ಉದ್ದ, ಎರಡಡಿ ಅಗಲ, ಎರಡಿಂಚು ದಪ್ಪದ ತೇಗದ ಮಣೆ ಸುಮಾರು 36 ಕೆ.ಜಿ. ತೂಗುತ್ತದೆ. ಉದ್ದ, ಅಗಲ, ದಪ್ಪ ಮೂರೂ ಹನ್ನೆರಡರಲ್ಲಿ ಒಂದಾದಾಗ ತೂಕ 1,728ರಲ್ಲಿ ಒಂದಾಗುತ್ತದೆ: ಬರಿ 21 ಗ್ರಾಂ. ಕೊಂಡಿಗಳ ಉಜ್ಜಾಟವನ್ನು ಮೀರಿ ಸರಪಳಿಯನ್ನು ಎಳೆದು ನಿಲ್ಲಿಸಲು ಅದು ಸಾಲದು. 152 × 51 × 4 ಮಿ.ಮೀ. ಮಣೆಯ ತಳದಲ್ಲಿ ನಾಲ್ಕು ಮೂಲೆಯ ಹತ್ತಿರ ಆಳವಿಲ್ಲದ ತೋಡು ತೆಗೆದು ಹಿತ್ತಾಳೆ ಚೂರು ಕೂರಿಸಿ, ಮೇಲೆ ತೆಳು ಮರದ ಪಟ್ಟಿ ಅಂಟಿಸಿ. ಸೀಸ ಬೇಡ, ಮಕ್ಕಳ ಕೈಗೆ ಸಿಗುವ ವಸ್ತು.

ಸರಪಳಿಗೆ 0.9 ಮಿ.ಮೀ. ಹಿತ್ತಾಳೆ ತಂತಿ. ಹಳೆ ಉಯ್ಯಾಲೆಗಳಲ್ಲಿ ಉದ್ದ ಸರಳು, ನಡುನಡುವೆ ಆನೆ, ನವಿಲು ಇರುತ್ತವೆ. ಈ ಗಾತ್ರದಲ್ಲಿ ಎರಡೂ ತುದಿಗೆ ಕೊಂಡಿ ಬಗ್ಗಿಸಿದ 12 ಮಿ.ಮೀ. ಸರಳು, ನಡುವೆ ಒಂದು ಮಣಿ ಇದ್ದರೆ ಸಾಕು. ನಾಲ್ಕು ಸರಪಳಿಯನ್ನೂ ಒಂದೇ ಮೊಳೆಗೆ ನೇತುಹಾಕಿ ಉದ್ದ ಸರಿನೋಡಿದ ಮೇಲೆಯೇ ಮಣೆಗೆ ಸಿಕ್ಕಿಸಿ.

ಮುಚ್ಚಳಕ್ಕೆ ಕೀಲು?

ಅಂಗಡಿಯ ಪುಟಾಣಿ ಕೀಲು ಹೊಳೆಯುತ್ತದೆ, ಕಾಲಕ್ಕೂ ಹೊಂದುವುದಿಲ್ಲ. ಹಳೆ ಪೆಟ್ಟಿಗೆಗಳಲ್ಲೂ ಇದ್ದ ಬಳೆಕೀಲೇ ಸುಲಭ: 0.6 ಮಿ.ಮೀ. ತಂತಿಯ ಎರಡು ಕುಣಿಕೆ ಒಂದರೊಳಗೊಂದು ಸಿಕ್ಕಿಸಿ, ಒಂದರ ಕಾಲು ಹಿಂದಿನ ಹಲಗೆಯಲ್ಲಿ, ಇನ್ನೊಂದರದ್ದು ಮುಚ್ಚಳದಲ್ಲಿ ತೂರಿಸಿ ಒಳಗೆ ಬಗ್ಗಿಸಿ. ತೂತು ಕೊರೆಯದೆ ತಂತಿ ಒತ್ತಿದರೆ ಹಲಗೆ ಸೀಳುತ್ತದೆ.

ಹಳೆಯದಾಗಿ ಕಾಣಲು ಬಣ್ಣ, ಪಾಲಿಶ್ ಹೇಗೆ?

ಪೇಂಟ್ ಅಂಗಡಿಯ ಸ್ಟೇನ್ ಕೆತ್ತನೆಯ ಸಂದಿನಲ್ಲಿ ಮಡುಗಟ್ಟುತ್ತದೆ. ಅಳಲೆಕಾಯಿ ಉತ್ತಮ. 10 ಗ್ರಾಂ ಪುಡಿಯನ್ನು 100 ಮಿ.ಲೀ. ಬಿಸಿನೀರಿಗೆ ಹಾಕಿ, ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ. ಬೇರೆ ಗಾಜಿನ ಬಾಟಲಿಯಲ್ಲಿ 100 ಮಿ.ಲೀ. ವಿನಿಗರ್‌ಗೆ ಒಂದು ಚಿಟಿಕೆ ಉಕ್ಕಿನ ನಾರು ಹಾಕಿ, ಮುಚ್ಚಳ ಬಿಗಿ ಮಾಡದೆ ಎರಡು ಮೂರು ದಿನ ಬಿಡಿ, ಒಳಗೆ ಗಾಳಿ ಹುಟ್ಟುತ್ತದೆ. ಮರಕ್ಕೆ ಮೊದಲು ಅಳಲೆ ನೀರು, ಒಣಗಿದ ಮೇಲೆ ಕಬ್ಬಿಣದ ನೀರು. ಅಳಲೆಯ ಒಗರು ಕಬ್ಬಿಣದೊಂದಿಗೆ ಸೇರಿ ನೋಡನೋಡುತ್ತ ಕಪ್ಪಾಗುತ್ತದೆ. ಬೀಟೆಯ ಕಂದು ಬೇಕಾದರೆ ಕಬ್ಬಿಣದ ನೀರಿಗೆ ನಾಲ್ಕು ಪಾಲು ನೀರು ಬೆರೆಸಿ, ಚೂರಿನ ಮೇಲೆ ಪರೀಕ್ಷಿಸಿ. ಅಂಟು ಸೋರಿ ಒಣಗಿದ ಜಾಗ ಬಣ್ಣ ಕುಡಿಯುವುದಿಲ್ಲ, ಬೆಳ್ಳಗೆ ಉಳಿಯುತ್ತದೆ. ಆದ್ದರಿಂದ ಬಣ್ಣ ಮೊದಲು, ಜೋಡಣೆ ಆಮೇಲೆ.

ಮೇಲೆ ಅರಗಿನ ಪಾಲಿಶ್: 100 ಮಿ.ಲೀ. ಸ್ಪಿರಿಟ್‌ಗೆ 12 ಗ್ರಾಂ ಚಕ್ಕೆ ಅರಗು, ಒಂದು ರಾತ್ರಿ ನೆನೆದು ಸೋಸಿದ್ದು. ಮೂರು ತೆಳು ಕೋಟು, ಒಣ ಬ್ರಷ್ಷಿನಿಂದ ಸಂದಿನ ಹೆಚ್ಚುವರಿ ಎಳೆದು ತೆಗೆಯುತ್ತ. ಮಳೆಯ ದಿನ ಹಚ್ಚಿದರೆ ಸ್ಪಿರಿಟ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಕೂತು ಬಿಳಿ ಮಂಜಾಗುತ್ತದೆ. ಬಿಸಿಲು ಬಂದ ದಿನ ಸ್ಪಿರಿಟ್ ತುಸುವೇ ತಾಗಿದ ಬಟ್ಟೆ ಆಡಿಸಿದರೆ ಹೋಗುತ್ತದೆ. ಕಲಸಿಟ್ಟ ಅರಗು ಆರು ತಿಂಗಳಾದ ಮೇಲೆ ಸರಿಯಾಗಿ ಗಟ್ಟಿಯಾಗುವುದಿಲ್ಲ, ಚೆಲ್ಲಿಬಿಡಿ. ಹೊಳಪು ಜಾಸ್ತಿಯಾದರೆ ಮತ್ತೆ ಆಟಿಕೆ ಕಳೆ ಬರುತ್ತದೆ, ಮಂದ ಹೊಳಪಲ್ಲೇ ನಿಲ್ಲಿಸಿ.

ಲೇಸರ್, ಸಿ.ಎನ್.ಸಿ. (ಕಂಪ್ಯೂಟರ್ ನಡೆಸುವ ಕೊರೆಯುವ) ಯಂತ್ರದಲ್ಲಿ ಮಾಡಿಸಬಹುದಲ್ಲ?

ಹಲಗೆಗಳ ಹೊರ ಆಕಾರ ಕತ್ತರಿಸಲು ಬಳಸಿ, ತಪ್ಪಿಲ್ಲ. ಲೇಸರ್ ಸುಟ್ಟ ಅಂಚನ್ನು ಮಾತ್ರ ಕೆರೆದು ತೆಗೆಯಬೇಕು, ಆ ಮಸಿಯ ಮೇಲೆ ಅಂಟೂ ಹಿಡಿಯದು, ಬಣ್ಣವೂ ಕೂರದು. ಕೆತ್ತನೆಗೆ ಸಿ.ಎನ್.ಸಿ. ಮೊನೆ ಗುಂಡಗಿರುವುದರಿಂದ ಪ್ರತಿ ಮೂಲೆಯೂ ಗುಂಡಗಾಗುತ್ತದೆ. ಕೊನೆಗೆ ಚಾಕು ಹಿಡಿಯಲೇಬೇಕು.

ಬಿಳಿ ಹುಡಿ ಉದುರುತ್ತಿದೆ. ಹುಳವೇ?

ಹೌದು, ಕುಟ್ಟೆ ಹುಳ. ಹಾಲೆ ಮರ ಮತ್ತು ಯಾವುದೇ ಮರದ ಹೊರಬಿಳುಪು ಅದಕ್ಕೆ ಪ್ರಿಯ. ಕೆತ್ತುವ ಮುಂಚೆಯೇ ಒಂದು ಲೀಟರ್ ನೀರಿಗೆ 20 ಗ್ರಾಂ ಬೋರಿಕ್ ಆಮ್ಲ, 30 ಗ್ರಾಂ ಬೋರಾಕ್ಸ್ ಕರಗಿಸಿ, 5 ಮಿ.ಮೀ. ಹಲಗೆಗಳನ್ನು ಒಂದು ದಿನ ಮುಳುಗಿಸಿ ನೆರಳಲ್ಲಿ ಒಣಗಿಸಿದರೆ ಈ ಕಾಟವಿಲ್ಲ. ಆ ನೀರು ಮಕ್ಕಳ, ದನಕರುಗಳ ಬಾಯಿಗೆ ಸಿಗದಿರಲಿ. ಮುಗಿದ ಸಾಮಾನಿಗೆ ಹುಳ ಬಿದ್ದಿದ್ದರೆ ಗಾಳಿ ಇಲ್ಲದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಮಂಜಿನ ಪೆಟ್ಟಿಗೆಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲವಾದರೆ ತೇವ ಮರದ ಮೇಲೆಯೇ ಕೂರುತ್ತದೆ.

ಹಬ್ಬ ಮುಗಿದ ಮೇಲೆ ಎತ್ತಿಡುವಾಗ ಹಳೆ ಪಂಚೆಯ ಬಟ್ಟೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಬೇಡ, ಅಕ್ಟೋಬರ್‌ನ ತೇವ ಅದರೊಳಗೇ ಉಳಿಯುತ್ತದೆ. ಉಯ್ಯಾಲೆಯ ಸರಪಳಿ ಬಿಚ್ಚಿ ಬೇರೆ ಪೊಟ್ಟಣ ಕಟ್ಟಿ, ಮುಂದಿನ ವರ್ಷ ಗಂಟು ಬಿಡಿಸುವ ಕೆಲಸ ತಪ್ಪುತ್ತದೆ.